ಓದುಗರ ಪ್ರಶ್ನೆ: ಗಗನಯಾತ್ರಿಗಳ ಬಗ್ಗೆ ಪುಟ್ಟ ಮಕ್ಕಳಿಗೆ ಏನು ಹೇಳೋಣ?

ರಾಕೆಟ್ಟು, ಚಂದ್ರ, ಗಗನಯಾತ್ರಿ ಎಂದು ಮಕ್ಕಳು ಕೇಳುವ ಪ್ರಶ್ನೆಗಳನ್ನು ಹೊತ್ತ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಈ ಬಾರಿ ಅವುಗಳಲ್ಲಿ ಕೆಲವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪುಟ್ಟ ಮಕ್ಕಳಿಗೆ ಪಾಠ ಹೇಳುವುದರಲ್ಲೇ ಆಯುಷ್ಯದ ದೊಡ್ಡ ಭಾಗ ಕಳೆದವಳು ನಾನು. ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದು ನಾವು ಪಕ್ಕಕ್ಕೆ ಸರಿಸುವ ಸಂಗತಿಗಳಲ್ಲಿ ಹೆಚ್ಚಿನವು ಅವರಿಗೆ ಅರ್ಥವಾಗುತ್ತವೆ, ಕೈಗೆ ಏನಾದರೂ ಕೊಟ್ಟು ಹೇಳಬೇಕು ಅಷ್ಟೇ. ಆ ನಂಬಿಕೆಯಿಂದಲೇ ಇಲ್ಲಿನ ಉತ್ತರಗಳನ್ನು ಬರೆದಿದ್ದೇನೆ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದ ವಿಡಿಯೊ ನೋಡಿದ ನನ್ನ ಆರು ವರ್ಷದ ಮಗ, "ಅಮ್ಮಾ, ಅವರು ಯಾಕೆ ತೇಲುತ್ತಾರೆ?" ಎಂದು ಕೇಳಿದ. "ಅಲ್ಲಿ ಗುರುತ್ವಾಕರ್ಷಣೆ ಇಲ್ಲ" ಎಂದೆ. "ಹಾಗಾದರೆ ಚಂದ್ರ ಯಾಕೆ ಓಡಿಹೋಗಿಲ್ಲ?" ಎಂದ. ಮುಂದೆ ಏನು ಹೇಳಲಿ?

ಮಗನ ಬೆನ್ನು ತಟ್ಟಿ. ಚಂದ್ರ ಅಷ್ಟು ದೂರದಲ್ಲಿದ್ದೂ ಭೂಮಿಯ ಹಿಡಿತದಲ್ಲಿದ್ದಾನೆ ಎಂದಮೇಲೆ ಇಲ್ಲೇ ತಲೆಯ ಮೇಲಿರುವ ನಿಲ್ದಾಣ ಆ ಹಿಡಿತದಿಂದ ಹೇಗೆ ತಪ್ಪಿಸಿಕೊಂಡೀತು? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದ ಗೋಪುರವೊಂದನ್ನು ಕಟ್ಟಿ, ಅದರ ತುದಿಯಲ್ಲಿ ತೂಕದ ಯಂತ್ರವಿಟ್ಟು, 20 ಕಿಲೋ ತೂಗುವ ಮಗುವನ್ನು ನಿಲ್ಲಿಸಿದರೆ ಮುಳ್ಳು ಸುಮಾರು 18ರ ಹತ್ತಿರ ನಿಲ್ಲುತ್ತದೆ. ಗುರುತ್ವಾಕರ್ಷಣೆ ಅಲ್ಲಿ ಧಾರಾಳವಾಗಿ ಇದೆ. ಗಗನಯಾತ್ರಿಗಳು ಬೀಳುತ್ತಿದ್ದಾರೆ. ನಿಲ್ದಾಣವೂ ಅವರ ಜೊತೆಗೇ, ಅದೇ ವೇಗದಲ್ಲಿ ಬೀಳುತ್ತಿದೆ. ಒಟ್ಟಿಗೆ ಬೀಳುವವರು ಒಬ್ಬರಿಗೊಬ್ಬರು ತೇಲುತ್ತಿರುವಂತೆ ಕಾಣುತ್ತಾರೆ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮಗು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳದ ಹತ್ತಿರ ಮೊಳೆಯಿಂದ ನೀವೇ ಎರಡು ತೂತು ಮಾಡಿ. ತೂತುಗಳನ್ನು ನೀವು ಬೆರಳಿನಿಂದ ಮುಚ್ಚಿ ಹಿಡಿಯಿರಿ, ಮಗ ನೀರು ತುಂಬಲಿ. ಮುಚ್ಚಳ ಹಾಕಬೇಡಿ. ಕೆಳಗೆ ಅಗಲವಾದ ಟಬ್ ಇಟ್ಟು, ನೀವು ಸ್ಟೂಲಿನ ಮೇಲೆ ನಿಂತು ಬಾಟಲಿಯನ್ನು ಮೇಲಕ್ಕೆತ್ತಿ ಬೆರಳು ತೆಗೆಯಿರಿ. ಎರಡೂ ತೂತಿನಿಂದ ನೀರು ಚಿಮ್ಮುತ್ತದೆ. ಅದನ್ನು ಅವನು ಚೆನ್ನಾಗಿ ನೋಡಲಿ. ನಂತರ ಬಾಟಲಿಯನ್ನು ಹಾಗೆಯೇ ಕೈಬಿಡಿ. ಬೀಳುತ್ತಿರುವಷ್ಟು ಹೊತ್ತು ತೂತಿನಿಂದ ನೀರು ಬರುವುದು ನಿಂತುಹೋಗುತ್ತದೆ. ಕಣ್ಣಿಗೆ ಸಿಗುವುದು ಕ್ಷಣಮಾತ್ರವಾದ್ದರಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿ ತೋರಿಸಿ. ಕೈಯಲ್ಲಿ ಹಿಡಿದಾಗ ಮೇಲಿನ ನೀರು ಕೆಳಗಿನ ನೀರನ್ನು ಒತ್ತುತ್ತಿತ್ತು, ಅದಕ್ಕೇ ಚಿಮ್ಮುತ್ತಿತ್ತು. ಬಾಟಲಿಯೂ ನೀರೂ ಒಟ್ಟಿಗೆ ಬೀಳುವಾಗ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಆ ಬಾಟಲಿಯೊಳಗೆ ಒಂದು ಪುಟ್ಟ ಗೊಂಬೆ ಇದ್ದಿದ್ದರೆ ಅದಕ್ಕೆ ಹೇಗನಿಸುತ್ತಿತ್ತು ಎಂದು ಕೇಳಿ. ಬಾಹ್ಯಾಕಾಶ ನಿಲ್ದಾಣದ ಮಾತು ಅಲ್ಲಿಂದ ತಾನಾಗಿ ಬರುತ್ತದೆ.

"ಬಾಟಲಿ ಟಬ್ಬಿಗೆ ಬಿತ್ತಲ್ಲ, ನಿಲ್ದಾಣ ಯಾಕೆ ನಮ್ಮ ತಲೆಯ ಮೇಲೆ ಬೀಳುವುದಿಲ್ಲ?" ಎಂದು ಅವನು ಕೇಳಿಯೇ ಕೇಳುತ್ತಾನೆ. ಆಗ ಕೈಗೆ ಚೆಂಡು ಕೊಡಿ. ಮೆಲ್ಲಗೆ ಎಸೆದರೆ ಹತ್ತಿರ ಬೀಳುತ್ತದೆ, ಜೋರಾಗಿ ಎಸೆದರೆ ದೂರ ಬೀಳುತ್ತದೆ. ಇನ್ನೂ ಜೋರಾಗಿ, ಯಾವ ಮನುಷ್ಯನೂ ಎಸೆಯಲಾರದಷ್ಟು ಜೋರಾಗಿ ಎಸೆದರೆ? ಭೂಮಿ ಗುಂಡಗಿದೆಯಲ್ಲ, ಚೆಂಡು ಬೀಳುತ್ತ ಹೋದಷ್ಟೂ ನೆಲವೂ ಬಾಗುತ್ತ ಹೋಗುತ್ತದೆ. ಚೆಂಡಿಗೆ ನೆಲ ಸಿಗುವುದೇ ಇಲ್ಲ. ರಾಕೆಟ್ಟು ಮಾಡುವ ಮುಖ್ಯ ಕೆಲಸ ಈ ಎಸೆತ. ನಿಲ್ದಾಣದ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್. ಒಂದೂವರೆ ಗಂಟೆಗೆ ಒಮ್ಮೆ ಭೂಮಿಯನ್ನು ಸುತ್ತುವುದರಿಂದ ಅಲ್ಲಿದ್ದವರು ನಮ್ಮ ಒಂದು ದಿನದೊಳಗೆ ಸುಮಾರು 16 ಸೂರ್ಯೋದಯ ನೋಡುತ್ತಾರೆ. ಚಂದ್ರ ಓಡಿಹೋಗದಿರುವುದಕ್ಕೂ, ನಮ್ಮ ಮೇಲೆ ಬೀಳದಿರುವುದಕ್ಕೂ ಕಾರಣ ಇದೇ. ನಿಮ್ಮ ಮಗನ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ.

ಪ್ರಶ್ನೆ: ನಾನು ಶಿಶುವಿಹಾರದ ಶಿಕ್ಷಕಿ. ನಾಲ್ಕೈದು ವರ್ಷದ ಮಕ್ಕಳಿಗೆ ಒಂದು ವಾರ ಬಾಹ್ಯಾಕಾಶದ ಪಾಠ ಮಾಡಬೇಕಿದೆ. ಗ್ರಹಗಳ ಹೆಸರು, ಯಾರು ಮೊದಲು ಹೋದರು ಎಂಬ ಪಟ್ಟಿ, ಕೊನೆಯ ದಿನ ಗಗನಯಾತ್ರಿಯ ವೇಷ ಎಂದು ಯೋಚಿಸಿದ್ದೇನೆ. ಇಷ್ಟು ಸಾಕೇ ಮೇಡಂ?

ವೇಷ ಇರಲಿ. ಪಟ್ಟಿಯನ್ನು ದಯವಿಟ್ಟು ಬಿಡಿ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದ ಮೊದಲಿಗನಾದ ಎಂಬುದು ದೊಡ್ಡ ಸಂಗತಿಯೇ, ಆದರೆ ಇಸವಿ ಎಂದರೇನೆಂದೇ ತಿಳಿಯದ ಮಗುವಿಗೆ ಅದು ಬರಿಯ ಶಬ್ದ. ಹೇಳಲೇಬೇಕೆನಿಸಿದರೆ, ಒಬ್ಬಾತ ಒಬ್ಬನೇ ಹೋಗಿ ಭೂಮಿಯನ್ನು ಒಂದು ಸುತ್ತು ಹಾಕಿ, ಎರಡು ಗಂಟೆಯೊಳಗೆ ಮರಳಿ ನೆಲಕ್ಕಿಳಿದ ಎಂದು ಕಥೆಯಾಗಿ ಹೇಳಿ.

ನಿಮ್ಮ ತರಗತಿಯ ಮಕ್ಕಳು ಈಗಷ್ಟೇ ಏನೇನು ಕಲಿತಿದ್ದಾರೆ ಎಂದು ಒಮ್ಮೆ ಯೋಚಿಸಿ. ತಾವೇ ಊಟ ಮಾಡುವುದು, ಹಲ್ಲುಜ್ಜುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗುವುದು, ಒಬ್ಬರೇ ಮಲಗುವುದು. ಗಗನಯಾತ್ರಿಗಳು ಇವನ್ನೆಲ್ಲ ಮೊದಲಿನಿಂದ ಕಲಿಯಬೇಕು. ದೊಡ್ಡವರೂ ಹಲ್ಲುಜ್ಜಲು ಕಲಿಯಬೇಕಾಗುತ್ತದೆ ಎಂದು ಕೇಳಿದ ಮಕ್ಕಳ ಮುಖ ನೋಡಬೇಕು ನೀವು. ನಿಮ್ಮ ಇಡೀ ವಾರವನ್ನು ಇದರ ಮೇಲೆಯೇ ಕಟ್ಟಬಹುದು.

ಮಲಗುವುದರಿಂದ ಆರಂಭಿಸಿ. ಅಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ, ಹಾಸಿಗೆಯೂ ಬೇಕಿಲ್ಲ. ಗೋಡೆಗೆ ಕಟ್ಟಿದ ಚೀಲದೊಳಗೆ ಹೊಕ್ಕು ಮಲಗುತ್ತಾರೆ, ಕಟ್ಟದಿದ್ದರೆ ನಿದ್ದೆಯಲ್ಲಿ ತೇಲಿಹೋಗಿ ಎಲ್ಲಾದರೂ ತಾಗುತ್ತಾರೆ. ನಿದ್ದೆ ಹತ್ತಿದ ಮೇಲೆ ಕೈಗಳು ತಾವಾಗಿ ಮುಂದಕ್ಕೆ ತೇಲಿ ನಿಲ್ಲುತ್ತವೆ. ಗಾಳಿ ಸದಾ ಆಡುತ್ತಿರಬೇಕು, ಇಲ್ಲದಿದ್ದರೆ ಬಿಟ್ಟ ಉಸಿರು ಮುಖದ ಸುತ್ತಲೇ ಗುಂಪುಗೂಡುತ್ತದೆ. ಊಟಕ್ಕೆ ಬನ್ನಿ. ಪುಡಿ ಉದುರುವ ಬ್ರೆಡ್ ಬೇಡ, ಆ ಪುಡಿ ಕಣ್ಣಿಗೋ ಯಂತ್ರದೊಳಕ್ಕೋ ಹೋದೀತು. ಹಾಗಾಗಿ ಸುತ್ತಿ ತಿನ್ನುವ ಟೋರ್ಟಿಯಾ ಎಂಬ ತೆಳ್ಳನೆಯ ರೊಟ್ಟಿ. ಉಪ್ಪು, ಕಾಳುಮೆಣಸಿನ ಪುಡಿ ಉದುರಿಸುವಂತಿಲ್ಲ, ಅವೂ ದ್ರವರೂಪದಲ್ಲೇ ಇರುತ್ತವೆ. ಹಲ್ಲುಜ್ಜಿದ ನೊರೆಯನ್ನು ಉಗಿಯಲು ಬೇಸಿನ್ ಇಲ್ಲ. ಕೆಲವರು ನುಂಗುತ್ತಾರೆ, ಕೆಲವರು ಬಟ್ಟೆಗೆ ಉಗಿಯುತ್ತಾರೆ. ಅತ್ತರೆ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಣ್ಣಿನ ಮೇಲೆಯೇ ನೀರಿನ ಉಂಡೆಯಾಗಿ ಅಂಟಿಕೊಳ್ಳುತ್ತದೆ.

ಶೌಚಾಲಯದ ಪ್ರಶ್ನೆ ಬರುತ್ತದೆ, ನೀವಾಗಿಯೇ ಎತ್ತಿದರೂ ಒಳ್ಳೆಯದೇ. ಕಾಲನ್ನು ಸಿಕ್ಕಿಸಿಕೊಂಡು ಕೂರುತ್ತಾರೆ, ಗಾಳಿ ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಮೂತ್ರವನ್ನು, ಬೆವರನ್ನು, ಉಸಿರಿನ ತೇವವನ್ನು ಕೂಡ ಶುದ್ಧ ಮಾಡಿ ಮತ್ತೆ ಕುಡಿಯುವ ನೀರಾಗಿಸುತ್ತಾರೆ. 2023ರ ಹೊತ್ತಿಗೆ ಹೀಗೆ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆಯಲು ಸಾಧ್ಯವಾಗಿದೆ. ತರಗತಿ ಗೊಳ್ಳೆಂದು ನಗುತ್ತದೆ. ನಗಲಿ, ಸುಮ್ಮನಿರಿಸಬೇಡಿ. ಬಾಹ್ಯಾಕಾಶ ನಡಿಗೆ, ಅಂದರೆ ನಿಲ್ದಾಣದಿಂದ ಹೊರಗೆ ಬಂದು ಮಾಡುವ ಕೆಲಸ, ಆರೇಳು ಗಂಟೆ ನಡೆಯುವುದರಿಂದ ಗಗನಯಾತ್ರಿಗಳು ಪೋಷಾಕಿನೊಳಗೆ ಡೈಪರ್ ಧರಿಸಿರುತ್ತಾರೆ ಎಂಬುದನ್ನೂ ಹೇಳಿ. ಡೈಪರ್ ಬಿಟ್ಟು ಹೆಚ್ಚು ದಿನವಾಗದ ಮಕ್ಕಳಿಗೆ, ಅದರಲ್ಲೂ ಇನ್ನೂ ಆಗಾಗ ಒದ್ದೆ ಮಾಡಿಕೊಂಡು ನಾಚುವ ಮಗುವಿಗೆ, ಈ ಮಾತು ಎಷ್ಟು ಬೇಕಾದದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ವೇಷದ ದಿನ. ಬೆಳ್ಳಿಬಣ್ಣದ ಕಾಗದ ಸುತ್ತಿ ಫೋಟೊ ತೆಗೆದು ಮುಗಿಸಬೇಡಿ, ಕೆಲಸ ಕೊಡಿ. ಪ್ರತಿ ಮಗುವಿನ ಕೈಗೂ ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಸಿ, ದೊಡ್ಡ ಗಾತ್ರದ ಬೋಲ್ಟಿಗೆ ನಟ್ಟು ತಿರುಗಿಸಲು ಹೇಳಿ. ಪೋಷಾಕಿನೊಳಗೆ ಗಾಳಿ ತುಂಬಿರುವುದರಿಂದ ಕೈಗವಸು ಬಿಗಿದಿರುತ್ತದೆ, ಬೆರಳು ಮಡಚುವುದೇ ಒಂದು ಸಾಹಸ. ನಟ್ಟು ಉರುಳಿಹೋದಾಗ, "ಅಲ್ಲಿ ಹೀಗಾಗಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು?" ಎಂದು ಕೇಳಿ. ನಟ್ಟಿಗೆ ದಾರ ಕಟ್ಟಿಕೊಳ್ಳುವ ಉಪಾಯ ಮಕ್ಕಳಿಗೇ ಹೊಳೆಯುತ್ತದೆ. ಗಗನಯಾತ್ರಿಗಳು ಮಾಡುವುದೂ ಅದನ್ನೇ, ಪ್ರತಿ ಉಪಕರಣವನ್ನೂ ತಮ್ಮನ್ನೂ ಕಟ್ಟಿಕೊಂಡಿರುತ್ತಾರೆ. ಇನ್ನೊಂದು ಆಟವೂ ಇದೆ. ಪರದೆಯ ಆಚೆ ಒಂದು ಮಗು, ಈಚೆ ಒಂದು ಮಗು. ಈಚಿನ ಮಗು ಹೇಳಿದಂತೆ ಆಚಿನ ಮಗು ಮರದ ತುಂಡುಗಳನ್ನು ಜೋಡಿಸಬೇಕು, ಮತ್ತು ಜೋಡಿಸುವ ಮೊದಲು ಕೇಳಿಸಿಕೊಂಡದ್ದನ್ನು ಮರಳಿ ಹೇಳಬೇಕು. ಬಾಹ್ಯಾಕಾಶ ನಡಿಗೆಯಲ್ಲಿ ಹೊರಗಿರುವವರಿಗೆ ಒಂದೊಂದೇ ಹೆಜ್ಜೆಯನ್ನು ಓದಿ ಹೇಳುವವರು ಇರುತ್ತಾರೆ. ಇಂಥ ಕೆಲಸಕ್ಕೆ ಧೈರ್ಯದಷ್ಟೇ ತಾಳ್ಮೆಯಿಂದ ಕೇಳಿಸಿಕೊಳ್ಳುವ ಕಿವಿಯೂ ಬೇಕು. ತರಗತಿಯಲ್ಲಿ ಸದಾ ಮುಂದೆ ನಿಲ್ಲುವ ಮಕ್ಕಳು ಈ ಆಟದಲ್ಲಿ ಎಡವಿ, ಮೆಲುದನಿಯ ಮಕ್ಕಳು ಗೆಲ್ಲುವುದನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ಸೂರ್ಯ ಹೊಳೆಯುತ್ತಿದ್ದರೂ ಬಾಹ್ಯಾಕಾಶ ಯಾಕೆ ಕಪ್ಪು?

ಇಲ್ಲಿ ಹಗಲಿನ ಆಕಾಶ ಬೆಳಗುವುದು ಗಾಳಿಯಿಂದ. ಸೂರ್ಯನ ಬೆಳಕು ಗಾಳಿಯ ಕಣಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ, ಅದರಲ್ಲೂ ನೀಲಿ ಹೆಚ್ಚು ಚದುರುತ್ತದೆ. ಚದುರಿಸಲು ಗಾಳಿಯೇ ಇಲ್ಲದ ಕಡೆ ಬೆಳಕು ನೇರವಾಗಿ ಸಾಗಿಹೋಗುತ್ತದೆ. ಚಂದ್ರನ ಮೇಲೆ ಹಗಲಿನಲ್ಲಿ ತೆಗೆದ ಚಿತ್ರಗಳಲ್ಲಿ ನೆಲ ಬೆಳ್ಳಗೆ ಹೊಳೆಯುತ್ತಿದ್ದರೂ ಆಕಾಶ ಕಪ್ಪಾಗಿರುವುದನ್ನು ಮಕ್ಕಳಿಗೆ ತೋರಿಸಿ. ಸದ್ದಿಗೂ ಗಾಳಿ ಬೇಕು, ಆದ್ದರಿಂದ ಹೊರಗೆ ಯಾವ ಸದ್ದೂ ಕೇಳಿಸುವುದಿಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಏಳು ವರ್ಷ. ಪುಸ್ತಕದಲ್ಲಿ ಲೈಕಾ ಎಂಬ ನಾಯಿಯ ಚಿತ್ರ ನೋಡಿ, "ತಾತಾ, ಅದು ಮನೆಗೆ ಬಂತಾ?" ಎಂದಳು. "ಬಂತು ಪುಟ್ಟಿ" ಎಂದುಬಿಟ್ಟೆ. ಸೊಸೆ, "ಹೀಗೆ ಹೇಳಬಾರದಿತ್ತು ಮಾವಯ್ಯ" ಎನ್ನುತ್ತಾಳೆ. ಎಳೆಯ ಮನಸ್ಸಿಗೆ ಯಾಕೆ ನೋವು ಕೊಡಬೇಕು?

ಹಿರಿಯರೇ, ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೂ ನಾನು ನಿಮ್ಮ ಸೊಸೆಯ ಪರ. ಮೊಮ್ಮಗಳಿಗೆ ಓದಲು ಬರುತ್ತದೆ, ಇಂದಲ್ಲ ನಾಳೆ ಲೈಕಾಳ ಕಥೆಯನ್ನು ಅವಳೇ ಓದುತ್ತಾಳೆ. ಆ ದಿನ ಅವಳಿಗೆ ಎರಡು ನೋವು ಆಗುತ್ತದೆ, ನಾಯಿಯದ್ದೊಂದು, ತಾತನ ಮಾತಿನದ್ದೊಂದು. ಎರಡನೆಯದನ್ನು ನೀವು ಈಗಲೇ ತಪ್ಪಿಸಬಹುದು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: "ಪುಟ್ಟಿ, ಲೈಕಾ ಮರಳಿ ಬರಲಿಲ್ಲ. ಅದು ಸತ್ತುಹೋಯಿತು. ನಿನಗೆ ಬೇಸರವಾಗುತ್ತದೆಂದು ಅಂದು ಹಾಗೆ ಹೇಳಿದೆ." ಅಳು ಬಂದರೆ ಅಳಲಿ. ನಡೆದದ್ದು ಹೀಗೆ. 1957ರ ನವೆಂಬರ್ 3ರಂದು ಸೋವಿಯತ್ ವಿಜ್ಞಾನಿಗಳು ಲೈಕಾಳನ್ನು ಸ್ಪುಟ್ನಿಕ್ 2ರಲ್ಲಿ ಕಳುಹಿಸಿದರು. ಅದನ್ನು ಮರಳಿ ಇಳಿಸುವ ವ್ಯವಸ್ಥೆ ಆ ನೌಕೆಯಲ್ಲಿ ಇರಲೇ ಇಲ್ಲ. ಒಳಗಿನ ಶಾಖ ಏರಿ, ಕೆಲವೇ ಗಂಟೆಗಳಲ್ಲಿ ಅದು ಸತ್ತಿತು. ಈ ನಿಜ ಹೊರಗೆ ಬಂದದ್ದು 2002ರಲ್ಲಿ. "ಯಾಕೆ ಕಳುಹಿಸಿದರು, ಅದು ತಪ್ಪಲ್ಲವೇ?" ಎಂದು ಅವಳು ಕೇಳಬಹುದು. ತಪ್ಪೆಂದು ನಿಮಗನಿಸಿದರೆ ಹಾಗೆಯೇ ಹೇಳಿ. ನನಗೆ ತಪ್ಪೆಂದೇ ಅನಿಸುತ್ತದೆ, ಆ ಕೆಲಸದಲ್ಲಿದ್ದವರಲ್ಲೇ ಕೆಲವರು ಮುಂದೆ ಪಶ್ಚಾತ್ತಾಪಪಟ್ಟಿದ್ದಾರೆ. ಅದರ ಜೊತೆಗೆ ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ನಾಯಿಗಳ ಕಥೆಯನ್ನೂ ಹೇಳಿ. 1960ರ ಆಗಸ್ಟ್‌ನಲ್ಲಿ ಅವೆರಡೂ ಭೂಮಿಯನ್ನು ಸುತ್ತಿ ಜೀವಂತವಾಗಿ ಮರಳಿದವು, ಮುಂದೆ ಸ್ಟ್ರೆಲ್ಕಾ ಮರಿಗಳನ್ನೂ ಹಾಕಿತು. ಇದು ಕೂಡ ನಿಜವೇ, ಹೇಳಲು ಹಿಂಜರಿಯಬೇಕಿಲ್ಲ.

ಮನುಷ್ಯರ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ಅಮೆರಿಕದ ಎರಡು ಬಾಹ್ಯಾಕಾಶ ನೌಕೆಗಳು ಅಪಘಾತಕ್ಕೀಡಾದವು, 1986ರಲ್ಲಿ ಚಾಲೆಂಜರ್, 2003ರ ಫೆಬ್ರವರಿ 1ರಂದು ಕೊಲಂಬಿಯಾ. ಎರಡರಲ್ಲೂ ಏಳೇಳು ಮಂದಿ ತೀರಿಕೊಂಡರು. ಕಲ್ಪನಾ ಚಾವ್ಲಾ ಇದ್ದದ್ದು ಕೊಲಂಬಿಯಾದಲ್ಲಿ. ಮಗು ಕೇಳುವ ಮೊದಲೇ ಈ ಮಾತು ಎತ್ತಬೇಕಿಲ್ಲ. ಸ್ಫೋಟದ ವಿಡಿಯೊವನ್ನಂತೂ ತೋರಿಸಲೇಬೇಡಿ, ಮಾತಿನಲ್ಲಿ ಕೇಳಿದ್ದನ್ನು ಮಗು ತಾಳಿಕೊಳ್ಳುತ್ತದೆ, ಕಣ್ಣಿನಲ್ಲಿ ಕಂಡದ್ದು ರಾತ್ರಿ ನಿದ್ದೆಗೆ ಬರುತ್ತದೆ. ಕೇಳಿದರೆ ಕಾರಣವನ್ನೂ ಸೇರಿಸಿ ಹೇಳಿ. ಉಡಾವಣೆಯ ಹೊತ್ತಿನಲ್ಲಿ ಫೋಮ್‌ನ ಒಂದು ತುಂಡು ಕಳಚಿ ಕೊಲಂಬಿಯಾದ ರೆಕ್ಕೆಗೆ ಬಡಿದು ತೂತು ಮಾಡಿತ್ತು, ಮರಳುವಾಗ ಆ ತೂತಿನಿಂದ ಬಿಸಿ ಗಾಳಿ ನುಗ್ಗಿತು. ಆಮೇಲೆ ಅಂಥ ನೌಕೆಗಳ ಹಾರಾಟವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಲ್ಲಿಸಿದರು, ಮತ್ತೆ ಆರಂಭಿಸಿದಾಗ ಕಕ್ಷೆಯಲ್ಲಿರುವಾಗಲೇ ರೆಕ್ಕೆಗಳನ್ನು ತಪಾಸಣೆ ಮಾಡುವ ಕ್ರಮ ತಂದರು. ಹೀಗೆ ಕಾರಣ ಮತ್ತು ಅದಕ್ಕೆ ಮಾಡಿದ ಪರಿಹಾರ ತಿಳಿದಾಗ ಮಗುವಿನ ಭಯಕ್ಕೆ ಒಂದು ಆಕಾರ ಸಿಗುತ್ತದೆ. ಸುಮ್ಮನೆ "ಅವರು ನಕ್ಷತ್ರವಾದರು" ಎಂದುಬಿಟ್ಟರೆ ಸಿಗುವುದಿಲ್ಲ. ನಕ್ಷತ್ರ ಎಂದರೆ ಬಿಸಿಯಾಗಿ ಹೊಳೆಯುವ ಅನಿಲದ ಗೋಳ ಎಂದು ಇನ್ನೊಂದು ದಿನ ಅವಳಿಗೆ ನಾವೇ ಕಲಿಸಬೇಕಿದೆಯಲ್ಲ.

ಪ್ರಶ್ನೆ: ಗಗನಯಾತ್ರಿ ಆಗುತ್ತೇನೆ ಎನ್ನುತ್ತಿದ್ದ ಮಗಳಿಗೆ ಈಗ ಕನ್ನಡಕ ಬಂದಿದೆ. ಕನ್ನಡಕದವರನ್ನು ಕಳುಹಿಸುವುದಿಲ್ಲವಂತೆ ಎಂದು ಯಾರೋ ಹೇಳಿದರೆಂದು ಅಳುತ್ತಾಳೆ.

ಕಣ್ಣೀರು ಒರೆಸಿ, ಅದು ನಿಜವಲ್ಲ. ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಾಗಿದ್ದರೆ ನಾಸಾ ಅರ್ಜಿ ಸ್ವೀಕರಿಸುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಕನ್ನಡಕ ಧರಿಸಿ ಕೆಲಸ ಮಾಡುತ್ತಿರುವವರ ಚಿತ್ರಗಳು ಬೇಕಾದಷ್ಟಿವೆ, ಹುಡುಕಿ ತೋರಿಸಿ. ಒಂದು ಕಾಲು ಕಳೆದುಕೊಂಡ ಜಾನ್ ಮೆಕ್‌ಫಾಲ್ ಎಂಬ ಬ್ರಿಟನ್ನಿನ ಶಸ್ತ್ರವೈದ್ಯ ಮತ್ತು ಪ್ಯಾರಾಲಿಂಪಿಕ್ ಓಟಗಾರನನ್ನು ಯುರೋಪಿನ ಬಾಹ್ಯಾಕಾಶ ಸಂಸ್ಥೆ 2022ರಲ್ಲಿ ಆಯ್ಕೆ ಮಾಡಿತು. 1963ರಲ್ಲಿ ಹೋದ ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಷ್ಕೋವಾ ಅದಕ್ಕೆ ಮೊದಲು ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದವರು, ಬಿಡುವಿನಲ್ಲಿ ಪ್ಯಾರಾಚೂಟಿನಿಂದ ಜಿಗಿಯುವುದನ್ನು ಕಲಿತಿದ್ದವರು.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಇದುವರೆಗೆ ಬಾಹ್ಯಾಕಾಶಕ್ಕೆ ಹೋದವರು ಕೆಲವೇ ನೂರು ಮಂದಿ. ಮಗಳು ಕನಸು ಕಾಣಲಿ, ಆದರೆ ಬಂದುಹೋಗುವವರ ಮುಂದೆಲ್ಲ "ನೀನು ದೊಡ್ಡವಳಾಗಿ ಏನಾಗುತ್ತೀ ಹೇಳು" ಎಂದು ಅವಳಿಂದ ಹೇಳಿಸಬೇಡಿ. ಅವಳ ಕುತೂಹಲ ಅವಳದಾಗಿಯೇ ಉಳಿಯಲಿ. ಹೋಗುವವರ ಹಿಂದೆ ಎಷ್ಟು ಕೈಗಳಿವೆ ಎಂದೂ ತೋರಿಸಿ. ಚಂದ್ರನ ಮೇಲೆ ನಡೆದವರ ಪೋಷಾಕುಗಳನ್ನು ಹೊಲಿದವರು ಹೊಲಿಗೆ ಯಂತ್ರದ ಮುಂದೆ ಕೂತ ಮಹಿಳೆಯರು. ಹಲವು ಪದರಗಳ ಆ ಪೋಷಾಕಿನಲ್ಲಿ ಒಂದು ಹೊಲಿಗೆ ಕೂದಲೆಳೆಯಷ್ಟು ಆಚೀಚೆಯಾದರೂ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು. ಹೊಲಿಗೆ ಬಲ್ಲವರು ಮನೆಯಲ್ಲಿದ್ದರೆ ಈ ಸಂಗತಿಯನ್ನು ಅವರಿಂದಲೇ ಹೇಳಿಸಿ.

ಪ್ರಶ್ನೆ: ಚಿತ್ರಗಳಲ್ಲಿ ಭೂಮಿ, ಚಂದ್ರ, ಮಂಗಳ ಎಲ್ಲ ಪಕ್ಕಪಕ್ಕದಲ್ಲೇ ಇರುತ್ತವೆ. "ಹಾಗಾದರೆ ಬೇಗ ಹೋಗಿ ಬರಬಹುದಲ್ಲ" ಎನ್ನುತ್ತಾನೆ ನನ್ನ ಎಂಟು ವರ್ಷದ ಮಗ. ದೂರವನ್ನು ಹೇಗೆ ತೋರಿಸಲಿ?

ಬಾಸ್ಕೆಟ್‌ಬಾಲ್ ಒಂದು, ಟೆನಿಸ್ ಚೆಂಡು ಒಂದು ಸಾಕು. ಬಾಸ್ಕೆಟ್‌ಬಾಲ್ ಭೂಮಿಯಾದರೆ ಟೆನಿಸ್ ಚೆಂಡು ಹೆಚ್ಚುಕಡಿಮೆ ಸರಿಯಾದ ಅಳತೆಯ ಚಂದ್ರ. ಚಂದ್ರನನ್ನು ಎಲ್ಲಿಡಬೇಕೆಂದು ಮಗನನ್ನೇ ಕೇಳಿ. ಬಹುತೇಕ ಎಲ್ಲ ಮಕ್ಕಳೂ ಒಂದು ಮಾರು ದೂರದೊಳಗೇ ಇಡುತ್ತಾರೆ. ದೊಡ್ಡವರೂ ಅಷ್ಟೇ. ನಂತರ ಟೇಪು ಹಿಡಿದು ಏಳು ಮೀಟರಿಗೆ ತುಸು ಹೆಚ್ಚು ಅಳೆದು ಅಲ್ಲಿಗೆ ಚೆಂಡನ್ನು ಒಯ್ಯಿರಿ. ನಿಜವಾದ ದೂರ ಸರಾಸರಿ 3,84,400 ಕಿಲೋಮೀಟರ್. ಅಷ್ಟು ದೂರ ಹೋಗಿ ಅಲ್ಲಿ ನಡೆದವರು ಹನ್ನೆರಡೇ ಜನ, 1969ರಿಂದ 1972ರ ನಡುವೆ. ಹೋಗಲು ಅವರಿಗೆ ಮೂರು ದಿನಗಳ ಮೇಲೆ ಬೇಕಾಗುತ್ತಿತ್ತು.

ಇನ್ನು ಬಾಹ್ಯಾಕಾಶ ನಿಲ್ದಾಣ ಎಲ್ಲಿರಬೇಕು? ಬಾಸ್ಕೆಟ್‌ಬಾಲಿನ ಮೇಲ್ಮೈಯಿಂದ ಒಂದು ಸೆಂಟಿಮೀಟರ್ ಕೂಡ ಇಲ್ಲ, ಏಳೆಂಟು ಮಿಲಿಮೀಟರ್ ಮೇಲೆ. ಮಗನ ಕಿರುಬೆರಳನ್ನು ಚೆಂಡಿನ ಮೇಲೆ ಮಲಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಎತ್ತರ. ನಾವು ನಿಲ್ದಾಣದ ವಿಡಿಯೊಗಳಲ್ಲಿ ನೋಡುವ ಗಗನಯಾತ್ರಿಗಳೆಲ್ಲ ಈ ಬೆರಳಿನಷ್ಟು ಎತ್ತರದಲ್ಲೇ ಇದ್ದಾರೆ ಎಂದು ತಿಳಿದಾಗ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಆ ನಿಲ್ದಾಣ ಬರಿಗಣ್ಣಿಗೂ ಕಾಣುತ್ತದೆ. ಸೂರ್ಯ ಮುಳುಗಿದ ನಂತರ ಅಥವಾ ಮೂಡುವ ಮುನ್ನ, ಮಿನುಗದೆ, ದೀಪ ಹೊತ್ತಿ ಆರುವಂತಿಲ್ಲದೆ, ಒಂದೇ ಸಮನೆ ಹೊಳೆಯುತ್ತ ಕೆಲವು ನಿಮಿಷಗಳಲ್ಲಿ ಆಕಾಶ ದಾಟುವ ಬಿಂದು ಅದು. ನಿಮ್ಮ ಜಾಗದಿಂದ ಯಾವ ಹೊತ್ತಿಗೆ ಕಾಣುತ್ತದೆಂದು ನಾಸಾ ಮೊದಲೇ ತಿಳಿಸುತ್ತದೆ, ನೋಡಿಕೊಂಡು ಮಗನನ್ನು ಹೊರಗೆ ಕರೆದುಕೊಂಡು ಹೋಗಿ.

ಮಂಗಳಕ್ಕೆ ಬಾಸ್ಕೆಟ್‌ಬಾಲಿನ ಅರ್ಧದಷ್ಟು ಅಗಲದ ಚೆಂಡು ಬೇಕು, ಅಂಗಳ ಸಾಲದು. ಮಂಗಳ ನಮಗೆ ಅತಿ ಹತ್ತಿರ ಬಂದಾಗಲೂ ಈ ಅಳತೆಯಲ್ಲಿ ಸುಮಾರು ಒಂದು ಕಿಲೋಮೀಟರ್ ಆಚೆ ಇರುತ್ತದೆ. ಚೆಂಡನ್ನು ಹಿಡಿದು ಮಗನ ಜೊತೆ ಅಷ್ಟು ದೂರ ನಡೆಯಿರಿ, ನಡುನಡುವೆ ತಿರುಗಿ ಬಾಸ್ಕೆಟ್‌ಬಾಲ್ ಇನ್ನೂ ಕಾಣುತ್ತಿದೆಯೇ ಎಂದು ಅವನೇ ನೋಡಲಿ. ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಕ್ಯಾಲೆಂಡರ್ ತೆಗೆಯಿರಿ. ಮನುಷ್ಯರಿಲ್ಲದ ಪರ್ಸಿವರೆನ್ಸ್ ರೋವರ್ 2020ರ ಜುಲೈ 30ರಂದು ಹೊರಟು 2021ರ ಫೆಬ್ರವರಿ 18ರಂದು ಮಂಗಳದ ಮೇಲೆ ಇಳಿಯಿತು. ಜುಲೈಯಿಂದ ಫೆಬ್ರವರಿಯವರೆಗೆ ಹಾಳೆಗಳನ್ನು ಅವನೇ ಒಂದೊಂದಾಗಿ ಮಗುಚಲಿ. ಮರಳಿ ಬರಲು ಎಷ್ಟು ಹಾಳೆ, ಅಷ್ಟು ದಿನಕ್ಕೆ ಊಟ ಎಷ್ಟು, ನೀರು ಎಷ್ಟು ಎಂದು ಲೆಕ್ಕ ಹಾಕಲು ಒಂದು ಕಾಗದ, ಒಂದು ಪೆನ್ಸಿಲ್ ಪಕ್ಕದಲ್ಲಿಟ್ಟಿರಿ.